ಸಾವಿನ ಮನೆಯೆದುರು ಮಾತಿನ ಹಕ್ಕು

ಶವಸಂಸ್ಕಾರದ ಹೊತ್ತಿಗೆ ಸರಿಯಾಗಿ ಬಂದು ನಿಂತು, ಸತ್ತವರನ್ನು ಧರ್ಮದ ಹೆಸರಿನಲ್ಲಿ ಹಳಿಯುವುದು ಪ್ರತಿಭಟನೆಯ ಅತ್ಯಂತ ಕ್ರೂರ ರೂಪಗಳಲ್ಲೊಂದು. ಹಳಿಸಿಕೊಂಡವರಿಗೆ ಉತ್ತರ ಕೊಡುವ ಬಾಯಿ ಇರುವುದಿಲ್ಲ. ಅವರ ಪರವಾಗಿ ಉತ್ತರಿಸಬೇಕಾದವರು ಹೆಣದ ಮುಂದೆ ಅಳುತ್ತಿರುತ್ತಾರೆ. ಆದರೂ ಅದು ಮಾತು. ಮಾತನ್ನು ಕಾಯುವ ಸಂವಿಧಾನ ಇಂಥ ಮಾತನ್ನೂ ಕಾಯಬೇಕೇ ಎಂಬ ಪ್ರಶ್ನೆ ಅಮೆರಿಕದ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು.

ಅಲ್ಲಿನ ಕ್ಯಾನ್ಸಸ್ ರಾಜ್ಯದ ಟೊಪೀಕಾ ಊರಿನಲ್ಲಿ ವೆಸ್ಟ್‌ಬರೊ ಬ್ಯಾಪ್ಟಿಸ್ಟ್ ಚರ್ಚ್ ಎಂಬ ಸಣ್ಣ ಪಂಗಡವಿದೆ. ಅದರ ಬಹುಪಾಲು ಸದಸ್ಯರು ಸಂಸ್ಥಾಪಕ ಫ್ರೆಡ್ ಫೆಲ್ಪ್ಸ್ ಅವರ ಮನೆಯವರೇ. ಸಲಿಂಗಪ್ರೇಮವನ್ನು ಸಹಿಸಿಕೊಂಡ ದೇಶದ ಮೇಲೆ ದೇವರು ಮುನಿದಿದ್ದಾನೆ, ಸೈನಿಕರ ಸಾವು ಆ ಮುನಿಸಿನ ಫಲ ಎಂಬುದು ಅವರ ನಂಬಿಕೆ. 2006ರ ಮಾರ್ಚ್‌ನಲ್ಲಿ ಇರಾಕಿನಲ್ಲಿ ಮಡಿದ ಮ್ಯಾಥ್ಯೂ ಸ್ನೈಡರ್ ಎಂಬ ಯುವ ಸೈನಿಕನ ಅಂತ್ಯಕ್ರಿಯೆಗೆ ಅವರಲ್ಲಿ ಏಳು ಮಂದಿ ಮೇರಿಲ್ಯಾಂಡಿಗೆ ಹೋದರು. ಸೈನಿಕರ ಸಾವಿಗಾಗಿ ದೇವರಿಗೆ ಕೃತಜ್ಞತೆ ಹೇಳುವ ಫಲಕಗಳನ್ನು ಹಿಡಿದು, ಅಂತ್ಯಕ್ರಿಯೆ ನಡೆದ ಚರ್ಚಿನಿಂದ ಸುಮಾರು ಸಾವಿರ ಅಡಿ ದೂರದಲ್ಲಿ, ಪೊಲೀಸರು ತೋರಿಸಿದ ಸಾರ್ವಜನಿಕ ಜಾಗದಲ್ಲಿ ನಿಂತರು. ಸೈನಿಕನ ತಂದೆ ಮೊಕದ್ದಮೆ ಹೂಡಿದಾಗ ಜ್ಯೂರಿ ಒಂದು ಕೋಟಿ ಡಾಲರಿಗೂ ಹೆಚ್ಚಿನ ಪರಿಹಾರ ಕೊಡಿಸಿತು. ಮೇಲಿನ ಕೋರ್ಟು ಅದನ್ನು ರದ್ದು ಮಾಡಿತು. 2011ರ ಮಾರ್ಚ್ 2ರಂದು ಸುಪ್ರೀಂ ಕೋರ್ಟು ಎಂಟಕ್ಕೆ ಒಂದರ ಬಹುಮತದಿಂದ ಪ್ರತಿಭಟನಕಾರರ ಪರವಾಗಿ ತೀರ್ಪು ಕೊಟ್ಟಿತು. ಆಡಿದ ಮಾತು ಎಷ್ಟೇ ನೋವು ಕೊಡಲಿ, ಸಾರ್ವಜನಿಕ ವಿಷಯದ ಬಗ್ಗೆ ಸಾರ್ವಜನಿಕ ಜಾಗದಲ್ಲಿ ಆಡಿದ್ದಾದರೆ ಅದಕ್ಕೆ ದಂಡ ಹಾಕುವಂತಿಲ್ಲ ಎಂಬುದು ಮುಖ್ಯ ನ್ಯಾಯಮೂರ್ತಿ ರಾಬರ್ಟ್ಸ್ ಬರೆದ ತೀರ್ಪಿನ ಸಾರ. ಒಪ್ಪದೆ ಉಳಿದ ಒಬ್ಬರೇ ಒಬ್ಬರು ನ್ಯಾಯಮೂರ್ತಿ ಅಲಿಟೊ: ಚರ್ಚೆಗೆ ಸಾವಿರ ಜಾಗಗಳಿರುವಾಗ, ಮಗನನ್ನು ಮಣ್ಣು ಮಾಡುವ ತಂದೆಯನ್ನೇ ಗುರಿ ಮಾಡಿಕೊಳ್ಳುವ ಅಗತ್ಯ ಯಾರಿಗೂ ಇಲ್ಲ ಎಂಬುದು ಅವರ ನಿಲುವು.

ಈ ತೀರ್ಪು ಕಹಿಯಾದರೂ ಸರಿಯಾದದ್ದು. ನೋವಾಯಿತು ಎಂಬ ಒಂದೇ ಕಾರಣಕ್ಕೆ ಮಾತನ್ನು ಶಿಕ್ಷಿಸಬಹುದೆಂದಾದರೆ, ನಾಳೆ ನೊಂದುಕೊಳ್ಳುವ ಸರದಿ ಅಧಿಕಾರದಲ್ಲಿರುವವರದ್ದಾಗುತ್ತದೆ. ಅದೇ ತೀರ್ಪು ಮಾತಿನ ಸ್ಥಳ ಮತ್ತು ಸಮಯಕ್ಕೆ ಕಟ್ಟುಪಾಡು ಹಾಕುವ ದಾರಿಯನ್ನು ಮುಚ್ಚಲಿಲ್ಲ. ಅಮೆರಿಕದ 2012ರ ಕಾಯಿದೆ ಸೈನಿಕರ ಅಂತ್ಯಕ್ರಿಯೆಗೆ ಎರಡು ಗಂಟೆ ಮೊದಲಿನಿಂದ ಎರಡು ಗಂಟೆ ನಂತರದವರೆಗೆ, 300 ಅಡಿಯೊಳಗೆ ಪ್ರತಿಭಟನೆಯನ್ನು ನಿರ್ಬಂಧಿಸಿತು. ಇಂಥ ನಿಯಮ ಏನು ಹೇಳಬೇಕೆಂದು ತೀರ್ಮಾನಿಸುವುದಿಲ್ಲ. ದುಃಖದಲ್ಲಿರುವವರಿಗೆ ಸ್ವಲ್ಪ ಜಾಗವನ್ನೂ ಸ್ವಲ್ಪ ಹೊತ್ತನ್ನೂ ಬಿಡಿಸಿಕೊಡುತ್ತದೆ.

ಭಾರತದ ಕಾನೂನು ಈ ವಿಷಯವನ್ನು ಬಹಳ ಹಿಂದೆಯೇ ಯೋಚಿಸಿತ್ತು. 1860ರ ದಂಡ ಸಂಹಿತೆಯ 297ನೇ ಕಲಮು, ಭಾವನೆಗಳನ್ನು ಘಾಸಿಗೊಳಿಸುವ ಉದ್ದೇಶದಿಂದ ಸ್ಮಶಾನಕ್ಕೆ ನುಗ್ಗುವುದನ್ನು, ಶವಕ್ಕೆ ಅವಮಾನ ಮಾಡುವುದನ್ನು, ಅಂತ್ಯಕ್ರಿಯೆಗೆ ಸೇರಿದವರಿಗೆ ತೊಂದರೆ ಕೊಡುವುದನ್ನು ಒಂದು ವರ್ಷದವರೆಗೆ ಸಜೆ ಕೊಡಬಹುದಾದ ಅಪರಾಧವೆಂದಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇದು 301ನೇ ಕಲಮು. ಸಂವಿಧಾನದ 19ನೇ ವಿಧಿ ವಾಕ್‌ ಸ್ವಾತಂತ್ರ್ಯದ ಜೊತೆಗೇ ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ ಮೊದಲಾದ ಮಿತಿಗಳನ್ನೂ ಹೇಳುತ್ತದೆ. 21ನೇ ವಿಧಿಯ ಘನತೆಯ ಹಕ್ಕು ಸತ್ತ ದೇಹಕ್ಕೂ ಸಲ್ಲುತ್ತದೆಂದು ಕೋರ್ಟುಗಳು ಹೇಳಿವೆ.

ಕಾನೂನಿದ್ದರೂ ಸಾವನ್ನು ಸಂಭ್ರಮಿಸುವುದು ನಿಂತಿಲ್ಲ. ಗಾಂಧೀಜಿಯ ಹತ್ಯೆಯಾದಾಗ ಸಿಹಿ ಹಂಚಿದವರಿದ್ದರು ಎಂಬುದನ್ನು ಸರ್ದಾರ್ ಪಟೇಲರು 1948ರ ಸೆಪ್ಟೆಂಬರ್‌ನಲ್ಲಿ ಆರೆಸ್ಸೆಸ್ಸಿನ ಆಗಿನ ಮುಖ್ಯಸ್ಥ ಗೋಳ್ವಾಲ್ಕರ್ ಅವರಿಗೆ ಬರೆದ ಪತ್ರದಲ್ಲಿ ನೋವಿನಿಂದ ದಾಖಲಿಸಿದ್ದಾರೆ. 2014ರ ಆಗಸ್ಟ್ 22ರಂದು ಸಾಹಿತಿ ಯು. ಆರ್. ಅನಂತಮೂರ್ತಿ ತೀರಿಕೊಂಡ ಸುದ್ದಿ ಬಂದಾಗ ಮಂಗಳೂರು, ಚಿಕ್ಕಮಗಳೂರುಗಳಲ್ಲಿ ಕೆಲವರು ಪಟಾಕಿ ಸಿಡಿಸಿದರು. ಅನಂತಮೂರ್ತಿಯವರ ರಾಜಕೀಯ ಮಾತುಗಳನ್ನೂ ಧರ್ಮದ ಕುರಿತ ಬರಹವನ್ನೂ ಕಟುವಾಗಿ ಖಂಡಿಸುವ ಹಕ್ಕು ಎಲ್ಲರಿಗೂ ಇತ್ತು, ಸತ್ತ ಮರುದಿನವೂ ಇತ್ತು. ಸಾವು ಯಾರನ್ನೂ ವಿಮರ್ಶೆಯಿಂದ ಆಚೆಗಿಡುವುದಿಲ್ಲ. ಪಟಾಕಿಯಲ್ಲಿ ವಿಮರ್ಶೆಯಿಲ್ಲ, ಅದು ಯಾವ ವಾದವನ್ನೂ ಮುಂದಿಡುವುದಿಲ್ಲ.

1965ರಲ್ಲಿ ಪ್ರಕಟವಾದ ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿ ನಿಂತಿರುವುದೇ ಇಂಥದೊಂದು ಪ್ರಶ್ನೆಯ ಮೇಲೆ. ಆಚಾರ ಬಿಟ್ಟ ನಾರಣಪ್ಪ ಸತ್ತಿದ್ದಾನೆ. ಅವನ ಸಂಸ್ಕಾರ ಯಾರು ಮಾಡಬೇಕೆಂದು ತೀರ್ಮಾನವಾಗದೆ ಅಗ್ರಹಾರದಲ್ಲಿ ಹೆಣ ಕೊಳೆಯುತ್ತದೆ. ಕೊನೆಗೆ ಅವನ ಸಂಗಾತಿ ಚಂದ್ರಿಯ ಮೊರೆಗೆ ಓಗೊಟ್ಟು, ರಾತ್ರಿಯಲ್ಲಿ ಹೆಣವನ್ನು ಗಾಡಿಯಲ್ಲಿ ಸಾಗಿಸಿ ಸುಡಲು ನೆರವಾಗುವವನು ಅಹಮದ್ ಬ್ಯಾರಿ.

2017ರ ಸೆಪ್ಟೆಂಬರ್ 5ರ ಸಂಜೆ ಬೆಂಗಳೂರಿನ ರಾಜರಾಜೇಶ್ವರಿ ನಗರದಲ್ಲಿ ಪತ್ರಕರ್ತೆ ಗೌರಿ ಲಂಕೇಶ್ ಅವರನ್ನು ಅವರ ಮನೆಯ ಮುಂದೆಯೇ ಗುಂಡಿಟ್ಟು ಕೊಂದರು. ಚಾಮರಾಜಪೇಟೆಯ ರುದ್ರಭೂಮಿಯಲ್ಲಿ ಅವರಿಗೆ ಮಣ್ಣು ಕೊಡುವ ಮೊದಲೇ ಟ್ವಿಟರ್‌ನಲ್ಲಿ ಹಿಗ್ಗಿನ ಮಾತುಗಳು ಹರಿದಾಡಿದವು. ಅವುಗಳಲ್ಲಿ ದೇಶವೆಲ್ಲ ತಲೆತಗ್ಗಿಸುವಂತೆ ಮಾಡಿದ, ಸತ್ತ ಹೆಣ್ಣುಮಗಳನ್ನು ನಾಯಿಗೆ ಹೋಲಿಸಿದ ಬರಹ ಬಂದದ್ದು ಸೂರತ್‌ನ ವ್ಯಾಪಾರಿಯೊಬ್ಬರಿಂದ. ಕೊಲೆಯನ್ನು ಕಂಡು ಹಿಗ್ಗುವುದು ನಾಚಿಕೆಗೇಡು, ಭಾರತೀಯ ಪರಂಪರೆಗೆ ವಿರುದ್ಧ ಎಂದು ಆಗಿನ ಕೇಂದ್ರ ಸಚಿವ ರವಿಶಂಕರ ಪ್ರಸಾದ್ ಬಹಿರಂಗವಾಗಿ ಖಂಡಿಸಿದರು. ಇಲ್ಲಿ 300 ಅಡಿಯ ಲೆಕ್ಕ ಕೆಲಸಕ್ಕೆ ಬರುವುದಿಲ್ಲ. ಸಾವಿರ ಮೈಲಿ ದೂರದಲ್ಲಿ ಬರೆದದ್ದು ಸಾವಿನ ಮನೆಯವರ ಅಂಗೈಯ ಫೋನಿನಲ್ಲೇ ತೆರೆದುಕೊಳ್ಳುತ್ತದೆ. ಕಾನೂನು ಕೊಲೆಗೆ ಪ್ರಚೋದನೆಯನ್ನೂ ಬೆದರಿಕೆಯನ್ನೂ ಹಿಡಿಯಬಹುದು, ಹಿಡಿಯಲೇಬೇಕು. ಬರಿಯ ಹಿಗ್ಗನ್ನು ಹಿಡಿಯುವ ಬಲೆ ಅದರ ಬಳಿ ಇಲ್ಲ, ಇರುವುದೂ ಒಳ್ಳೆಯದಲ್ಲ. ಅದನ್ನು ತಡೆಯಬೇಕಾದವರು ಬರೆದವನ ಹಿರಿಯರು, ಗೆಳೆಯರು, ಅವನ ಪಕ್ಷದವರು, ಅವನ ಧರ್ಮದವರು. ಎದುರಾಳಿ ಖಂಡಿಸಿದರೆ ಅದು ಜಗಳದ ಮುಂದುವರಿಕೆಯಾಗುತ್ತದೆ. ತನ್ನವರೇ ಖಂಡಿಸಿದರೆ ಮಾತು ನಾಟುತ್ತದೆ.

ಭಾರತದಲ್ಲಿ ಇನ್ನೊಂದು ಬಗೆಯ ಕ್ರೌರ್ಯವೂ ಇದೆ: ಫಲಕ ಹಿಡಿಯುವುದಲ್ಲ, ದಾರಿಗೆ ಅಡ್ಡ ನಿಲ್ಲುವುದು. 2020ರ ಏಪ್ರಿಲ್‌ನಲ್ಲಿ ಚೆನ್ನೈಯಲ್ಲಿ ಕೊರೊನಾದಿಂದ ತೀರಿಕೊಂಡ ನರರೋಗ ಶಸ್ತ್ರಚಿಕಿತ್ಸಕರೊಬ್ಬರ ಶವ ಹೊತ್ತ ಆಂಬುಲೆನ್ಸ್ ಮೇಲೆ ಗುಂಪು ದಾಳಿ ಮಾಡಿತು. ಗೌರವಯುತ ಶವಸಂಸ್ಕಾರ 21ನೇ ವಿಧಿಯ ಹಕ್ಕಿನಲ್ಲಿ ಸೇರಿದೆ ಎಂದು ಮದ್ರಾಸ್ ಹೈಕೋರ್ಟು ಹೇಳಬೇಕಾಯಿತು. ಅದು ರೋಗದ ಭಯ. ಛತ್ತೀಸಗಡದ ಬಸ್ತರ್‌ನ ಛಿಂದವಾಡಾ ಹಳ್ಳಿಯಲ್ಲಿ ಅಡ್ಡ ಬಂದದ್ದು ಧರ್ಮ. 2025ರ ಜನವರಿ 7ರಂದು ತೀರಿಕೊಂಡ ಕ್ರೈಸ್ತ ಪಾದ್ರಿಯೊಬ್ಬರನ್ನು ಹುಟ್ಟಿದೂರಿನಲ್ಲಿ ಹೂಳಲು ಗ್ರಾಮಸ್ಥರು ಒಪ್ಪದೆ ಶವ ಸುಮಾರು ಮೂರು ವಾರ ಶವಾಗಾರದಲ್ಲಿತ್ತು. ಜನವರಿ 27ರಂದು ಸುಪ್ರೀಂ ಕೋರ್ಟಿನ ಪೀಠದಲ್ಲೇ ಭಿನ್ನಮತ ಬಂತು. ಕರ್ನಾಟಕದವರಾದ ನ್ಯಾಯಮೂರ್ತಿ ಬಿ. ವಿ. ನಾಗರತ್ನ ಕುಟುಂಬದ ಸ್ವಂತ ಜಮೀನಿನಲ್ಲಿ ಹೂಳಲು ಅವಕಾಶ ಕೊಡಬೇಕೆಂದರು. ನ್ಯಾಯಮೂರ್ತಿ ಸತೀಶಚಂದ್ರ ಶರ್ಮ ಕ್ರೈಸ್ತರಿಗೆ ಗೊತ್ತುಪಡಿಸಿದ ಸ್ಮಶಾನವೇ ಆಗಬೇಕೆಂದರು. ಶವವನ್ನು ಇನ್ನೂ ಕಾಯಿಸಬಾರದೆಂದು ಇಬ್ಬರೂ ಸೇರಿ, ಸುಮಾರು 20 ಕಿಲೋಮೀಟರ್ ದೂರದ ಆ ಸ್ಮಶಾನದಲ್ಲೇ ಹೂಳಲು ಆದೇಶಿಸಿದರು. ಹೆಣಕ್ಕೆ ಅಡ್ಡ ನಿಲ್ಲುವುದು ಮಾತಲ್ಲವೇ ಅಲ್ಲ. ಅದಕ್ಕೆ ವಾಕ್‌ ಸ್ವಾತಂತ್ರ್ಯದ ಆಸರೆ ಸಿಗುವಂತಿಲ್ಲ.

ಪರಂಪರೆಗಳು ಈ ವಿಷಯದಲ್ಲಿ ಗೊಂದಲಕ್ಕೆ ಎಡೆಗೊಟ್ಟಿಲ್ಲ. ರಾವಣನ ಅಂತ್ಯಕ್ರಿಯೆ ಮಾಡಲು ವಿಭೀಷಣ ಹಿಂಜರಿದಾಗ, ಹಗೆತನ ಸಾವಿಗೆ ಮುಗಿಯಿತೆಂದು ಹೇಳಿ ಅವನನ್ನು ಒಪ್ಪಿಸಿದವನು ರಾಮ. ರನ್ನನ ‘ಗದಾಯುದ್ಧ’ದಲ್ಲಿ ರಣರಂಗದ ಹೆಣಗಳ ನಡುವೆ ನಡೆಯುವ ದುರ್ಯೋಧನ ಶತ್ರುವಿನ ಮಗ ಅಭಿಮನ್ಯುವಿನ ಶವದ ಮುಂದೆ ನಿಂತು ಕೈಮುಗಿಯುತ್ತಾನೆ, ತನಗೂ ಅಂಥ ಸಾವು ಬರಲೆಂದು ಹಾರೈಸುತ್ತಾನೆ. ಯೆಹೂದಿಯೊಬ್ಬನ ಶವಯಾತ್ರೆ ಹಾದುಹೋದಾಗ ಪ್ರವಾದಿ ಮುಹಮ್ಮದರು ಎದ್ದು ನಿಂತರೆಂದೂ, ಅವನೂ ಒಂದು ಜೀವವಲ್ಲವೇ ಎಂದು ಕೇಳಿದರೆಂದೂ ಹದೀಸಿನಲ್ಲಿದೆ. ಧರ್ಮದ ಹೆಸರು ಹೇಳಿ ಸಾವನ್ನು ಹಳಿಯುವವರಿಗೆ ಅವರವರ ಧರ್ಮವೇ ಎದುರು ಸಾಕ್ಷಿ.

ಗೌರಿಯವರನ್ನು ಹಳಿದ ಆ ಬರಹ ಬಂದ ಸೂರತ್‌ನಲ್ಲೇ ಈ ಸಾಕ್ಷಿ ಇಂದಿಗೂ ಕೆಲಸದ ರೂಪದಲ್ಲಿದೆ. ನಗರದ ದಕ್ಷಿಣದ ಉಧ್ನಾ ಮಗ್ಗಗಳ, ಕಾರ್ಖಾನೆಗಳ ಬಡಾವಣೆ. ಒಡಿಶಾ, ಉತ್ತರ ಪ್ರದೇಶ, ಮಹಾರಾಷ್ಟ್ರದ ಖಾನದೇಶದಿಂದ ಬಂದವರು ಅಲ್ಲಿ ದುಡಿಯುತ್ತಾರೆ. ಊರು ಬಿಟ್ಟು ಬಂದವರು ಹೀಗೆ ತುಂಬಿರುವ ನಗರದಲ್ಲಿ ಎಷ್ಟೋ ಸಾವುಗಳಿಗೆ ಹೆಗಲು ಕೊಡುವ ಬಂಧುಗಳು ಹತ್ತಿರವಿರುವುದಿಲ್ಲ. ವಾರಸುದಾರರಿಲ್ಲದ ಶವಗಳನ್ನು ಅವರವರ ಧರ್ಮದ ಪದ್ಧತಿಯಂತೆ ಸುಡುವ, ಹೂಳುವ ಕೆಲಸವನ್ನು ಅಬ್ದುಲ್ ಮಲಬಾರಿ ಅವರ ಏಕತಾ ಟ್ರಸ್ಟ್ ದಶಕಗಳಿಂದ ಮಾಡುತ್ತ ಬಂದಿದೆ. 2020ರಲ್ಲಿ ಕೊರೊನಾದಿಂದ ಸತ್ತವರನ್ನು ಮನೆಯವರೂ ಮುಟ್ಟಲಾಗದಿದ್ದಾಗ, ಆ ಶವಗಳನ್ನು ಹಿಂದೂ, ಮುಸ್ಲಿಂ, ಕ್ರೈಸ್ತ ಎನ್ನದೆ ಚಿತಾಗಾರಕ್ಕೂ ಖಬರಸ್ತಾನಕ್ಕೂ ಸಾಗಿಸಿದವರು ಈ ಟ್ರಸ್ಟಿನ ಕಾರ್ಯಕರ್ತರು.