ಓಡಿದರೆ ಮಾತ್ರ ರೈಲು

(ಸುವರ್ಣ ಮಹೋತ್ಸವದ ವಿಜ್ಞಾನ ವಸ್ತುಪ್ರದರ್ಶನದ ಉದ್ಘಾಟನೆಯಂದು ಮಾಡಿದ ಭಾಷಣದ ಬರಹರೂಪ)



ನಮ್ಮ ಶಾಲೆಗೆ ಬಂಟ್ವಾಳದಿಂದಲೂ ಬೆಳ್ತಂಗಡಿಯಿಂದಲೂ ಮೂಡುಬಿದಿರೆಯ ಕಡೆಯಿಂದಲೂ ಮಕ್ಕಳು ಬರುತ್ತಾರೆ. ಈ ಮೂರು ತಾಲೂಕುಗಳಲ್ಲಿ ರೈಲು ಹಾದುಹೋಗುವುದು ಬಂಟ್ವಾಳದಲ್ಲಿ ಮಾತ್ರ. ಬೆಳ್ತಂಗಡಿ, ಮೂಡುಬಿದಿರೆಯ ಮಕ್ಕಳು ರೈಲು ನೋಡಬೇಕಾದರೆ ಬಸ್ಸು ಹತ್ತಿ ಬಿ.ಸಿ.ರೋಡಿಗೋ ಮಂಗಳೂರಿಗೋ ಹೋಗಬೇಕು. ಹಾಗಾಗಿ ನಾನು ಕಟ್ಟಿದ ಪುಟ್ಟ ರೈಲುಮಾರ್ಗವನ್ನು ಈ ವರ್ಷ ಶಾಲೆಯ ವಿಜ್ಞಾನ ಕೊಠಡಿಗೆ ಒಪ್ಪಿಸುತ್ತಿದ್ದೇನೆ. ಅದರ ಬಗ್ಗೆ ನಾಲ್ಕು ಮಾತು.

ಮಾದರಿಯ ಅಳತೆ 87ಕ್ಕೆ 1. ನಿಜವಾದ 87 ಮೀಟರ್ ಇಲ್ಲಿ ಒಂದು ಮೀಟರ್. ನಾನು ಆರಿಸಿಕೊಂಡದ್ದು ನಮ್ಮದೇ ಮಂಗಳೂರು–ಹಾಸನ ಮಾರ್ಗ. ಇದರಲ್ಲಿ ಸುಬ್ರಹ್ಮಣ್ಯ ರೋಡಿನಿಂದ ಸಕಲೇಶಪುರದವರೆಗಿನ ಘಾಟಿಭಾಗವೇ ಸುಮಾರು 55 ಕಿಲೋಮೀಟರ್. 57 ಸುರಂಗಗಳು, ನೂರಕ್ಕೂ ಮಿಕ್ಕಿ ಸೇತುವೆಗಳು. ಗಣಿತದ ಮಕ್ಕಳು ಲೆಕ್ಕ ಹಾಕಿ: 55 ಕಿಲೋಮೀಟರನ್ನು 87ರಿಂದ ಭಾಗಿಸಿದರೂ 630 ಮೀಟರ್ ದಾಟುತ್ತದೆ. 200 ಮೀಟರಿನ ಓಟದ ಟ್ರ್ಯಾಕಿಗೆ ಮೂರು ಸುತ್ತು ಹಾಕಿದರೂ ಮುಗಿಯದು. ನನ್ನ ಬಳಿ ಇದ್ದದ್ದು ಹದಿನಾರು ಅಡಿ ಉದ್ದ, ನಾಲ್ಕು ಅಡಿ ಅಗಲದ ಪ್ಲೈವುಡ್. ಆದ್ದರಿಂದ ನಾಲ್ಕು ಸುರಂಗ, ಮೂರು ಸೇತುವೆ, ಎರಡು ನಿಲ್ದಾಣ ಇಟ್ಟುಕೊಂಡೆ. ಬಂಟ್ವಾಳ ದಾಟಿದ ಮೇಲೆ ಸಿಗುವ ನೇತ್ರಾವತಿಯ ಸೇತುವೆಯನ್ನು ಮಾತ್ರ ಬಿಡಲು ಮನಸ್ಸು ಬರಲಿಲ್ಲ.

ಘಾಟಿಯ ಏರು 50ಕ್ಕೆ 1. ಅಂದರೆ ಒಂದು ಮೀಟರ್ ಮುಂದೆ ಹೋದರೆ ಎರಡೇ ಸೆಂಟಿಮೀಟರ್ ಮೇಲೆ. ಮಾದರಿಯಲ್ಲಿ ಒಂದು ಹಳಿಯ ಮೇಲಿನಿಂದ ಇನ್ನೊಂದು ಹಳಿ ದಾಟಬೇಕಾದರೆ ಎಂಟು ಸೆಂಟಿಮೀಟರ್ ಎತ್ತರ ಬೇಕು; ಅದಕ್ಕೆ ನಾಲ್ಕು ಮೀಟರ್ ಹಳಿ ಬೇಕು. ನೇರ ಹೋದರೆ ಹಲಗೆ ಮುಗಿದೇ ಹೋಗುತ್ತದೆ. ಗುಡ್ಡವನ್ನು ಸುತ್ತು ಹಾಕಲೇಬೇಕು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಸಕಲೇಶಪುರಕ್ಕೆ ರೈಲು ಯಾಕೆ ಬಳಸಿ ಬಳಸಿ ಏರುತ್ತದೆ, ಭಾರದ ಗೂಡ್ಸ್ ರೈಲಿಗೆ ಹಿಂದಿನಿಂದ ತಳ್ಳಲು ಯಾಕೆ ಬೇರೆ ಇಂಜಿನ್ ಬೇಕು ಎಂಬುದು ಪುಸ್ತಕಕ್ಕಿಂತ ಚೆನ್ನಾಗಿ ಇಲ್ಲಿ ಕೈಗೆ ತಿಳಿಯುತ್ತದೆ. ಮಾದರಿಯಲ್ಲೂ ಡಬ್ಬಿ ಹೆಚ್ಚಾದರೆ ಚಕ್ರ ಜಾರುತ್ತದೆ.

ಹೊಂದಾಣಿಕೆಯೂ ಬೇಕಾಗುತ್ತದೆ. ನಮ್ಮ ಬ್ರಾಡ್‌ಗೇಜ್ ಹಳಿಗಳ ನಡುವೆ 1676 ಮಿಲಿಮೀಟರ್ ಅಂತರ. ಈ ಅಳತೆಯಲ್ಲಿ ಅದು 19 ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚಾಗಬೇಕು. ಪೇಟೆಯಲ್ಲಿ ಸಿಗುವುದು ಹೊರದೇಶಗಳ 1435 ಮಿಲಿಮೀಟರಿನ ಹಳಿಗೆ ಹೊಂದುವ 16.5 ಮಿಲಿಮೀಟರಿನದ್ದು. ನಾನು ಅದನ್ನೇ ಬಳಸಿದ್ದೇನೆ. ಇಂಜಿನ್ ಕೊಂಡದ್ದು, ಉಳಿದದ್ದೆಲ್ಲ ಊರಿನದ್ದೇ. ಗುಡ್ಡಕ್ಕೆ ಕೋಳಿಗೂಡಿನ ಬಲೆ, ಅದರ ಮೇಲೆ ಮೈದಾ ಅಂಟಿನಲ್ಲಿ ಅದ್ದಿದ ಹಳೆ ಪೇಪರು. ಕೆಂಪು ಮಣ್ಣಿಗೆ ಮುರಕಲ್ಲಿನ ಹುಡಿ. ಹಸಿರಿಗೆ ಬಣ್ಣ ಹಾಕಿದ ಮರದ ಹುಡಿ. ಹಂಚಿನ ಮಾಡಿಗೆ ರಟ್ಟು.

ಇಷ್ಟು ಕಟ್ಟಲು ಎರಡು ವರ್ಷ ಹಿಡಿಯಿತು. ಆದರೆ ನಡೆಸುವುದೇ ಹೆಚ್ಚಿನ ಕೆಲಸ. 12 ವೋಲ್ಟಿನ ವಿದ್ಯುತ್ತು ಹಳಿಯಿಂದ ಚಕ್ರಕ್ಕೆ, ಚಕ್ರದಿಂದ ಮೋಟಾರಿಗೆ ಹೋಗಬೇಕು. ನಮ್ಮ ಮಳೆಗಾಲದಲ್ಲಿ ಒಂದು ವಾರ ಓಡಿಸದಿದ್ದರೆ ಹಳಿಯ ಮೇಲೆ ಕಿಲುಬು, ಧೂಳು ಕೂರುತ್ತದೆ. ಇಂಜಿನ್ ತಡವರಿಸಿ ನಿಲ್ಲುತ್ತದೆ. ಸ್ಪಿರಿಟ್ ಹಾಕಿದ ಬಟ್ಟೆಯಲ್ಲಿ ಒರೆಸಿ ದಿನಾ ಓಡಿಸಿದರೆ ತೊಂದರೆಯಿಲ್ಲ.

ವೇಗವೂ ಲೆಕ್ಕದ್ದೇ. ಗಂಟೆಗೆ 30 ಕಿಲೋಮೀಟರಿನಲ್ಲಿ ಘಾಟಿ ಏರುವ ರೈಲು ಇಲ್ಲಿ ಸೆಕೆಂಡಿಗೆ ಹತ್ತು ಸೆಂಟಿಮೀಟರಿನಷ್ಟೂ ಹೋಗಬಾರದು. ಮಕ್ಕಳಿಗೆ ಮೊದಲು ಬೇಸರ ಬರುತ್ತದೆ. ಆಮೇಲೆ ಒಬ್ಬ ಚಾಲಕ, ಇಬ್ಬರು ಸ್ಟೇಷನ್ ಮಾಸ್ತರರು ಎಂದು ಹಂಚಿಕೊಂಡರೆ ರುಚಿ ಹತ್ತುತ್ತದೆ. ಇದು ಒಂಟಿ ಹಳಿ. ಎದುರಿನ ನಿಲ್ದಾಣದವರು ಒಪ್ಪದೆ ಈ ಕಡೆಯ ರೈಲು ಹೊರಡುವಂತಿಲ್ಲ. ಅವಸರದವನೂ ಕಾಯುವುದನ್ನು ಕಲಿಯುತ್ತಾನೆ. ಮಾತಾಡದ ಹುಡುಗಿಯೂ "ಲೈನ್ ಕ್ಲಿಯರ್" ಎಂದು ಗಟ್ಟಿಯಾಗಿ ಹೇಳಲೇಬೇಕು.

ನಿಜವಾದ ಮಾರ್ಗದ ಕತೆಯೂ ಇದನ್ನೇ ಹೇಳುತ್ತದೆ. 1979ರಲ್ಲಿ ಮೀಟರ್‌ಗೇಜ್ ಮಾರ್ಗ ಪೂರ್ತಿಯಾಯಿತು. ಹಳಿ ಬದಲಾವಣೆಗೆಂದು 1996ರಲ್ಲಿ ಘಾಟಿಯ ಸಂಚಾರ ನಿಂತಿತು. ಗೂಡ್ಸ್ ರೈಲು ಮತ್ತೆ ಬಂದದ್ದು 2006ರಲ್ಲಿ, ಪ್ರಯಾಣಿಕರ ರೈಲು 2007ರ ಡಿಸೆಂಬರಿನಲ್ಲಿ. ನಡುವಿನ ಹನ್ನೊಂದು ವರ್ಷ ಸುರಂಗಗಳಿದ್ದವು, ಸೇತುವೆಗಳಿದ್ದವು. ಬೆಂಗಳೂರಿಗೆ ಹೋಗುವವರಿಗೆ ಮಾತ್ರ ರೈಲಿರಲಿಲ್ಲ.

ಶಾಲೆಗೂ ಇದೇ ಮಾತು. ಐವತ್ತು ವರ್ಷದ ಹಿಂದೆ ಊರವರು ಸೇರಿ ಇದನ್ನು ಕಟ್ಟಿದರು. ಇಂದು ಹೊಸ ಬಣ್ಣ, ಹೊಸ ಕೊಠಡಿ ಆಗಿದೆ, ಸಂತೋಷ. ಆದರೆ ಎಂಟನೇ ತರಗತಿಗೆ ಸೇರುವ ಮಕ್ಕಳ ಸಂಖ್ಯೆ ಕಡಿಮೆಯಾಗುತ್ತಿರುವುದು ಇಲ್ಲಿರುವ ಎಲ್ಲರಿಗೂ ಗೊತ್ತಿದೆ. ಹಳೆವಿದ್ಯಾರ್ಥಿಗಳಲ್ಲಿ ನನ್ನ ವಿನಂತಿ: ಮಹೋತ್ಸವ ಮುಗಿದ ಮೇಲೂ ಬನ್ನಿ. ತಿಂಗಳಿಗೊಂದು ಶನಿವಾರ ನಿಮಗೆ ಗೊತ್ತಿರುವ ಕೆಲಸವನ್ನು ಮಕ್ಕಳಿಗೆ ತೋರಿಸಿಕೊಡಿ.

ಮಾದರಿಯನ್ನು ಕೊಡುವಾಗ ಮುಖ್ಯೋಪಾಧ್ಯಾಯರಲ್ಲಿ ಒಂದೇ ಷರತ್ತು ಕೇಳಿದ್ದೇನೆ. ಇದನ್ನು ಗಾಜಿನ ಕಪಾಟಿನಲ್ಲಿಟ್ಟು ಬೀಗ ಹಾಕಬೇಡಿ. ಮಕ್ಕಳು ಮುಟ್ಟಲಿ, ಓಡಿಸಲಿ. ಏನಾದರೂ ಮುರಿದರೆ ಅವರೇ ಅಂಟಿಸಲಿ. ಅಂಟು ನಾನು ತಂದುಕೊಡುತ್ತೇನೆ.