ಮಾಕ್ಸಾ ಶಾಖ: ದಂಪತಿಗಳು ತಿಳಿದಿರಬೇಕಾದ ಕೆಲವು ವಿಷಯಗಳು



ಮೈ ನೊಂದಾಗ ಶಾಖ ಕೊಡುವುದು ನಮ್ಮ ಮನೆಗಳಿಗೆ ಹೊಸತಲ್ಲ. ಸೊಂಟ ಹಿಡಿದರೆ ಮರಳನ್ನು ಬಾಣಲೆಯಲ್ಲಿ ಹುರಿದು ಗಂಟು ಕಟ್ಟಿ ಒತ್ತುತ್ತೇವೆ. ಬಾಣಂತಿಯ ಮಂಚದ ಬಳಿ ಅಗ್ಗಿಷ್ಟಿಕೆ ಇಡುತ್ತೇವೆ. ಚೀನಾ ದೇಶದ ಜನರೂ ಬಹು ಪುರಾತನ ಕಾಲದಿಂದ ಶಾಖವನ್ನು ಔಷಧವೆಂದು ಬಳಸುತ್ತ ಬಂದಿದ್ದಾರೆ. ಅವರ ಆ ಪದ್ಧತಿಗೆ ಹೊರಗಿನವರು ಮಾಕ್ಸಾ ಎಂದು ಹೆಸರಿಟ್ಟಿದ್ದಾರೆ. ನಗರಗಳಲ್ಲಿ ಸೂಜಿ ಚಿಕಿತ್ಸೆ ನೀಡುವ ಕೆಲವರು ಇದನ್ನೂ ನೀಡುತ್ತಾರೆ. ಮೊಬೈಲ್ ಫೋನಿನ ಚಿತ್ರಗಳ ಮೂಲಕ ಇದರ ಸುದ್ದಿ ಹಳ್ಳಿಗಳಿಗೂ ತಲುಪುತ್ತಿದೆ. ಗರ್ಭಿಣಿಯರಿಗೂ ಇದರಿಂದ ಪ್ರಯೋಜನವಿದೆಯೆಂಬ ಮಾತು ಕೇಳಿಬರುತ್ತಿರುವುದರಿಂದ, ಇದರಲ್ಲಿ ನಿಜವೆಷ್ಟು ಎಂಬುದನ್ನು ಗಂಡಹೆಂಡಿರಿಬ್ಬರೂ ತಿಳಿದಿರುವುದು ಒಳ್ಳೆಯದು.

ಮೊದಲು ಆ ವಸ್ತು ಯಾವುದೆಂದು ನೋಡೋಣ. ಚೀನಾದಲ್ಲಿ ‘ಆಯ್’ ಎಂಬ ಒಂದು ಗಿಡವಿದೆ. ನಮ್ಮ ದವನ ಮತ್ತು ಗಣೇಶನ ಪೂಜೆಗೆ ಏರಿಸುವ ಮಾಚಿಪತ್ರೆ ಇವೆರಡೂ ಅದೇ ಕುಲಕ್ಕೆ ಸೇರಿದವು. ಆಯ್ ಎಲೆಯ ಅಡಿಭಾಗದಲ್ಲಿ ಬಿಳಿಯ ನವುರಾದ ರೋಮಗಳಿರುತ್ತವೆ. ಚಾಂದ್ರಮಾನದ ಐದನೆಯ ತಿಂಗಳ ಐದನೆಯ ದಿನ ಚೀನೀಯರಿಗೆ ದೊಡ್ಡ ಹಬ್ಬ. ನಾವು ಯುಗಾದಿಗೆ ಮಾವಿನ ತೋರಣ ಕಟ್ಟುವಂತೆ ಅವರು ಅಂದು ಬಾಗಿಲಿಗೆ ಆಯ್ ಗಿಡವನ್ನು ಕಟ್ಟುತ್ತಾರೆ. ಚಿಕಿತ್ಸೆಗೆ ಬೇಕಾದ ಎಲೆಯನ್ನೂ ಆ ಸುಮಾರಿನಲ್ಲಿಯೇ ಕೊಯ್ಯುತ್ತಾರೆ. ಕೊಯ್ದ ಎಲೆಯನ್ನು ಒಣಗಿಸಿ, ಕುಟ್ಟಿ, ಜರಡಿಯಾಡಿ, ನಾರು ಕಡ್ಡಿಗಳನ್ನು ತೆಗೆದುಹಾಕಿದರೆ ಕೊನೆಗೆ ಹತ್ತಿಯಂಥ ಮೃದುವಾದ ಪದಾರ್ಥ ಉಳಿಯುತ್ತದೆ. ಜಪಾನೀಯರು ಇದನ್ನು ‘ಮೊಗುಸ’ ಎನ್ನುವರು. ಮಾಕ್ಸಾ ಎಂಬ ಹೆಸರು ಬಂದದ್ದು ಅದರಿಂದಲೇ. ಹೊಸ ಎಲೆಗಿಂತ ಮೂರು ವರ್ಷ ಹಳತಾದ ಎಲೆ ಮೇಲೆಂದು ಅಲ್ಲಿಯವರ ಎಣಿಕೆ. ಹಳೆಯ ಎಲೆ ನಿಧಾನವಾಗಿ, ಹಿತವಾದ ಕಾವಿನಿಂದ ಉರಿಯುತ್ತದೆಯಂತೆ. ಹೂಬೇ ಪ್ರಾಂತದ ಚೀಚುನ್ ಎಂಬ ಊರಿನ ಎಲೆಗೆ ವಿಶೇಷ ಖ್ಯಾತಿ. 16ನೆಯ ಶತಮಾನದ ಪ್ರಸಿದ್ಧ ವೈದ್ಯ ಲೀ ಶಿಚೆನ್ ಅವರ ಊರೂ ಅದೇ.

ಈ ವಿದ್ಯೆ ಎಷ್ಟು ಹಳೆಯದೆಂಬುದಕ್ಕೆ ಗಟ್ಟಿಯಾದ ಸಾಕ್ಷ್ಯವಿದೆ. ಚೀನಾದ ಚಾಂಗ್ಷಾ ನಗರದ ಮಾವಾಂಗ್‌ದುಯಿ ಎಂಬಲ್ಲಿ ಕ್ರಿಸ್ತಪೂರ್ವ 168ರಲ್ಲಿ ಮುಚ್ಚಿದ ಸಮಾಧಿಯೊಂದನ್ನು 1973ರಲ್ಲಿ ಅಗೆದಾಗ ದೊರೆತ ರೇಷ್ಮೆಯ ಹಸ್ತಪ್ರತಿಗಳಲ್ಲಿ, ದೇಹದ ನಾಳಗಳ ಮೇಲೆ ಶಾಖ ನೀಡುವ ವಿಷಯ ಬರೆದಿತ್ತು. ಚೀನೀಯರು ಸೂಜಿ ಚಿಕಿತ್ಸೆಯನ್ನೂ ಈ ಶಾಖ ಚಿಕಿತ್ಸೆಯನ್ನೂ ಒಂದೇ ಜೋಡಿಪದದಿಂದ ಕರೆಯುತ್ತಾರೆ. 2010ರಲ್ಲಿ ಯುನೆಸ್ಕೊ ಸಂಸ್ಥೆಯು ಈ ಎರಡನ್ನೂ ಒಟ್ಟಾಗಿಯೇ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಪರಂಪರೆಯೆಂಬ ಗೌರವ ಬೇರೆ, ರೋಗ ಗುಣವಾಗುತ್ತದೆಯೆಂಬ ಪ್ರಮಾಣ ಬೇರೆ, ಇವೆರಡನ್ನೂ ಬೆರೆಸಬಾರದು.

ಇನ್ನು ಶಾಖ ಕೊಡುವ ಕ್ರಮ. ಮಾಕ್ಸಾವನ್ನು ಕಾಗದದಲ್ಲಿ ಬಿಗಿಯಾಗಿ ಸುತ್ತಿ, ಗೇಣುದ್ದದ, ಹೆಬ್ಬೆರಳು ಗಾತ್ರದ ಬತ್ತಿಯನ್ನಾಗಿ ಮಾಡುತ್ತಾರೆ. ಅದರ ಒಂದು ತುದಿಗೆ ಬೆಂಕಿ ತಾಗಿಸಿದರೆ ಉರಿ ಏಳುವುದಿಲ್ಲ. ಊದುಬತ್ತಿಯಂತೆ ಕೆಂಡವಾಗಿ ನಿಲ್ಲುತ್ತದೆ. ಆ ಕೆಂಡವನ್ನು ಚರ್ಮದಿಂದ ಎರಡು ಮೂರು ಸೆಂಟಿಮೀಟರ್ ದೂರದಲ್ಲಿ, ಅಂದರೆ ಸುಮಾರು ಎರಡು ಬೆರಳಿನ ಅಗಲದಷ್ಟು ಅಂತರದಲ್ಲಿ ಹಿಡಿದು, ಹತ್ತು ಹದಿನೈದು ನಿಮಿಷ, ಚರ್ಮ ತುಸು ಕೆಂಪಾಗುವವರೆಗೆ ಶಾಖ ಕೊಡುತ್ತಾರೆ. ಕೆಂಡ ಮೈಗೆ ತಾಗುವುದೇ ಇಲ್ಲ. ಇನ್ನೊಂದು ಕ್ರಮದಲ್ಲಿ ಹಸಿಶುಂಠಿಯ ಬಿಲ್ಲೆಗೆ ಸಣ್ಣ ರಂಧ್ರಗಳನ್ನು ಮಾಡಿ ಚರ್ಮದ ಮೇಲಿಟ್ಟು, ಅದರ ಮೇಲೆ ಮಾಕ್ಸಾದ ಚಿಕ್ಕ ಗೋಪುರವನ್ನು ಉರಿಸುವರು. ಬಿಸಿ ತಾಳಲಾರದಾದಾಗ ಬಿಲ್ಲೆಯನ್ನು ತಕ್ಷಣ ಎತ್ತಿಬಿಡುವರು.

ಶಾಖ ಕೊಡುವವರು ತಮ್ಮ ಇನ್ನೊಂದು ಕೈಯ ಎರಡು ಬೆರಳುಗಳನ್ನು ರೋಗಿಯ ಚರ್ಮದ ಮೇಲೆ, ಕೆಂಡದ ಇಕ್ಕೆಲಗಳಲ್ಲಿ ಇಟ್ಟುಕೊಂಡಿರುತ್ತಾರೆ. ಬಿಸಿ ಎಷ್ಟೆಂಬುದು ಅವರ ಬೆರಳಿಗೂ ತಿಳಿಯುತ್ತಿರಬೇಕು. ರೋಗಿ ‘ಸಾಕು’ ಎಂದೊಡನೆ ಕೆಂಡವನ್ನು ದೂರ ಸರಿಸಬೇಕು. ಈ ವಿದ್ಯೆಯಲ್ಲಿ ನಾವು ಕಲಿಯತಕ್ಕ ಅಂಶ ಇದೇ ಎಂದು ನನಗೆ ತೋರುತ್ತದೆ: ಬೆಂಕಿಯನ್ನು ದೂರವಿಡುವುದು, ಮತ್ತು ನೋವನ್ನು ಅನುಭವಿಸುವವರ ಮಾತಿಗೆ ಬೆಲೆ ಕೊಡುವುದು.

ದೇಹದ ನಾಳಗಳಲ್ಲಿ ಹರಿಯುವ ಪ್ರಾಣಶಕ್ತಿಗೆ ಶೀತ ಮತ್ತು ತೇವಗಳು ತಡೆಯೊಡ್ಡುತ್ತವೆ, ಶಾಖ ಆ ತಡೆಯನ್ನು ಬಿಡಿಸುತ್ತದೆ ಎಂಬುದು ಚೀನೀ ವೈದ್ಯರ ಸಿದ್ಧಾಂತ. ಇಂದಿನ ವಿಜ್ಞಾನ ಹೇಳುವುದು ಇಷ್ಟು: ಶಾಖದಿಂದ ರಕ್ತನಾಳಗಳು ಹಿಗ್ಗುತ್ತವೆ, ಬಿಗಿದ ಸ್ನಾಯುಗಳು ಸಡಿಲಗೊಳ್ಳುತ್ತವೆ, ನೋವು ತಗ್ಗುತ್ತದೆ. ಮುಟ್ಟಿನ ಹೊಟ್ಟೆನೋವು, ದುಡಿದು ಬಂದ ಬೆನ್ನುನೋವು, ಮಂಡಿಯ ಬಿಗಿತ ಇವುಗಳಿಗೆ ಹಿತವಾದ ಶಾಖ ನಿಜವಾಗಿಯೂ ಸಮಾಧಾನ ನೀಡುತ್ತದೆ. ಅದಕ್ಕೆ ದೂರದ ಮಾಕ್ಸಾವೇ ಆಗಬೇಕೆಂದಿಲ್ಲ. ಬಟ್ಟೆ ಸುತ್ತಿದ ಬಿಸಿನೀರಿನ ಚೀಲವಾಗಲಿ, ಉಪ್ಪಿನ ಗಂಟಾಗಲಿ ಸಾಕು. ಮೊದಲು ನಿಮ್ಮ ಮುಂಗೈಯ ಒಳಭಾಗಕ್ಕೆ ಮುಟ್ಟಿಸಿ ನೋಡಿ, ಆಮೇಲೆ ರೋಗಿಗೆ ಒತ್ತಿರಿ.

ಈಗ ಗರ್ಭಿಣಿಯರ ವಿಷಯಕ್ಕೆ ಬರೋಣ. ಗರ್ಭದಲ್ಲಿ ಮಗು ಬಹುಕಾಲ ತಿರುಗಾಡುತ್ತಲೇ ಇರುತ್ತದೆ. ಏಳನೆಯ ತಿಂಗಳ ಹೊತ್ತಿಗೆ ಸುಮಾರು ನಾಲ್ಕೈದು ಮಕ್ಕಳಲ್ಲಿ ಒಂದು, ತಲೆ ಮೇಲಾಗಿ ಪೃಷ್ಠ ಕೆಳಗಾಗಿ ಇರುವುದುಂಟು. ಅವುಗಳಲ್ಲಿ ಹೆಚ್ಚಿನವು ತಾವಾಗಿಯೇ ತಿರುಗಿ ತಲೆಯನ್ನು ಕೆಳಗೆ ತರುತ್ತವೆ. ದಿನ ತುಂಬುವಾಗ ಹಾಗೆಯೇ ಉಳಿಯುವವು ನೂರಕ್ಕೆ ಮೂರು ನಾಲ್ಕು ಮಾತ್ರ. ಅಂಥ ಹೆರಿಗೆಯಲ್ಲಿ ಮೈ ಹೊರಬಂದು ತಲೆ ಸಿಕ್ಕಿಕೊಳ್ಳುವ ಅಪಾಯವಿರುವುದರಿಂದ, ಅದು ಮನೆಯಲ್ಲಿ ಆಗತಕ್ಕ ಹೆರಿಗೆಯಲ್ಲ.

ಇಂಥ ಮಗುವನ್ನು ತಿರುಗಿಸಲು ಚೀನೀ ವೈದ್ಯರು ತಾಯಿಯ ಕಾಲಿನ ಕಿರುಬೆರಳ ಉಗುರಿನ ಹೊರಮೂಲೆಯ ಬಳಿ ಮಾಕ್ಸಾ ಶಾಖ ಕೊಡುತ್ತಾರೆ. ಮಗು ಇರುವುದು ಹೊಟ್ಟೆಯಲ್ಲಿ, ಶಾಖ ಕಾಲ್ಬೆರಳಿಗೆ! ಕೇಳಿದರೆ ನಗು ಬರುವುದು ಸಹಜ. ಆದರೂ ವಿದ್ವಾಂಸರು ಇದನ್ನು ನಗೆಯಲ್ಲಿ ತಳ್ಳಿಹಾಕದೆ ಪರೀಕ್ಷಿಸಿದರು. ಚೀನಾದ ಜ್ಯಾಂಗ್ಶಿ ಪ್ರಾಂತದಲ್ಲಿ ಚೊಚ್ಚಲ ಬಸಿರಿನ 260 ಮಂದಿ ಸ್ತ್ರೀಯರ ಮೇಲೆ ನಡೆದ ಅಧ್ಯಯನವೊಂದು 1998ರಲ್ಲಿ ಪ್ರಕಟವಾಯಿತು. 33ನೆಯ ವಾರದಲ್ಲಿ ಮಗು ತಲೆ ಮೇಲಾಗಿದ್ದ ಇವರನ್ನು 130ರ ಎರಡು ಗುಂಪುಗಳಾಗಿ ವಿಂಗಡಿಸಿ, ಒಂದು ಗುಂಪಿಗೆ ಮಾತ್ರ ಒಂದೆರಡು ವಾರ ಶಾಖ ಕೊಡಲಾಯಿತು. 35ನೆಯ ವಾರದಲ್ಲಿ ನೋಡಿದಾಗ ಶಾಖ ಪಡೆದವರಲ್ಲಿ 98 ಮಂದಿಯ ಮಕ್ಕಳು ತಲೆ ಕೆಳಗೆ ಮಾಡಿದ್ದವು. ಶಾಖ ಪಡೆಯದವರಲ್ಲಿ 62. ಶಾಖ ಪಡೆದ ತಾಯಂದಿರ ಮಕ್ಕಳು ಹೊಟ್ಟೆಯಲ್ಲಿ ಹೆಚ್ಚು ಆಡುತ್ತಿದ್ದುದೂ ಕಂಡುಬಂದಿತು. ಏನೂ ಮಾಡದಿದ್ದಾಗಲೂ 62 ಮಕ್ಕಳು ತಿರುಗಿದವೆಂಬುದನ್ನು ಗಮನಿಸಿರಿ. ‘ನಾನು ಮಾಡಿದ್ದರಿಂದಲೇ ತಿರುಗಿತು’ ಎಂದು ಹಣ ಕೇಳುವವರು ಈ ಸಂಖ್ಯೆಯನ್ನು ಹೇಳುವುದಿಲ್ಲ.

ತರುವಾಯ ಸ್ವಿಟ್ಜರ್ಲೆಂಡಿನಲ್ಲಿ 212 ಗರ್ಭಿಣಿಯರ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಇಂಥ ಲಾಭವೇನೂ ಕಾಣಲಿಲ್ಲ. ಇಂತಹ ಅನೇಕ ಪರೀಕ್ಷೆಗಳನ್ನು ಒಟ್ಟುಗೂಡಿಸಿ ತೂಗಿ ನೋಡಿದ ಕಾಕ್ರೇನ್ ಸಂಸ್ಥೆಯ 2023ರ ವರದಿಯು, ಎಂದಿನ ವೈದ್ಯಕೀಯ ಆರೈಕೆಯ ಜೊತೆಗೆ ಮಾಕ್ಸಾ ಶಾಖವನ್ನೂ ಕೊಟ್ಟರೆ ಹೆರಿಗೆಯ ಕಾಲಕ್ಕೆ ಮಗು ತಲೆ ಮೇಲಾಗಿ ಉಳಿಯುವ ಸಂಭವ ಪ್ರಾಯಶಃ ಕಡಿಮೆಯಾಗುತ್ತದೆ ಎಂದು ಹೇಳಿದೆ. ಇದರಿಂದ ಶಸ್ತ್ರಕ್ರಿಯೆಯ ಹೆರಿಗೆ ಕಡಿಮೆಯಾಗುವುದೆಂಬುದು ಸ್ಥಿರಪಟ್ಟಿಲ್ಲ. ‘ಆರೈಕೆಯ ಜೊತೆಗೆ’ ಎಂಬ ಮಾತನ್ನು ಮರೆಯಬಾರದು. ಆರೈಕೆಯ ಬದಲಿಗೆ ಎಂದು ಯಾರೂ ಹೇಳಿಲ್ಲ.

ತುಂಬು ಬಸುರಿಗೆ ಬಗ್ಗಿ ತನ್ನ ಕಿರುಬೆರಳನ್ನು ಮುಟ್ಟುವುದು ಸಾಧ್ಯವಿಲ್ಲ. ಆದುದರಿಂದ ಈ ಚಿಕಿತ್ಸೆಯಲ್ಲಿ ಬತ್ತಿ ಹಿಡಿಯುವ ಕ್ರಮವನ್ನು ಗಂಡನಿಗೋ ಮನೆಯ ಇನ್ನೊಬ್ಬರಿಗೋ ಕಲಿಸಿಕೊಡುವುದುಂಟು. ಹೆಂಡತಿಯ ಪಾದದ ಬಳಿ ಕಾಲು ಗಂಟೆ ಕುಳಿತು ‘ಬಿಸಿ ಹೆಚ್ಚಾಯಿತೇ?’ ಎಂದು ಕೇಳುವ ಗಂಡನಿಂದ ಆಕೆಗೆ ಆಗುವ ಹಿತವನ್ನು ಯಾವ ಪರೀಕ್ಷೆಯೂ ಅಳೆದಿರಲಾರದು. ಆದರೂ ವೈದ್ಯರು ಸ್ಕ್ಯಾನಿಂಗ್ ಮಾಡಿಸಿ, ಮಗುವಿನ ಸ್ಥಿತಿಯನ್ನೂ ಮಾಸುವಿನ ಸ್ಥಾನವನ್ನೂ ನೋಡಿ ಒಪ್ಪಿಗೆ ಕೊಡದೆ ಮನೆಯಲ್ಲಿ ಇದನ್ನು ಮಾಡಲೇಕೂಡದು. ರಕ್ತಸ್ರಾವವಾಗಿದ್ದವರು, ಅವಳಿ ಮಕ್ಕಳನ್ನು ಹೊತ್ತವರು, ಹಿಂದಿನ ಹೆರಿಗೆ ಶಸ್ತ್ರಕ್ರಿಯೆಯಿಂದ ಆದವರು, ರಕ್ತದೊತ್ತಡ ಉಳ್ಳವರು ಇದರ ಗೊಡವೆಗೆ ಹೋಗಬಾರದು. ದಿನ ತುಂಬುವ ಮುನ್ನ, ಸಾಮಾನ್ಯವಾಗಿ 36-37ನೆಯ ವಾರದಲ್ಲಿ, ತಜ್ಞ ವೈದ್ಯರು ಹೊಟ್ಟೆಯ ಮೇಲಿನಿಂದ ಕೈಗಳಿಂದ ಮಗುವನ್ನು ತಿರುಗಿಸುವ ವಿಧಾನವೂ ಇದೆ. ಇದನ್ನು ಆಸ್ಪತ್ರೆಯಲ್ಲಿಯೇ ಮಾಡತಕ್ಕದ್ದು. ಹೊಟ್ಟೆ ತಿಕ್ಕಿ ಮಗುವನ್ನು ತಿರುಗಿಸುತ್ತೇನೆ ಎನ್ನುವವರ ಕೈಗೆ ಗರ್ಭಿಣಿಯನ್ನು ಒಪ್ಪಿಸಬೇಡಿ. ಮಾಚಿಪತ್ರೆಯ ಕಷಾಯವನ್ನೂ ಗರ್ಭಿಣಿಗೆ ಕುಡಿಸಬಾರದು.

ಮಾಕ್ಸಾದ ಹೊಗೆ ದಟ್ಟವಾದುದು, ಕಟುವಾದುದು. ಉಬ್ಬಸ ಉಳ್ಳವರಿಗೆ ಅದು ಆಗದು. ಗಾಳಿಯಾಡುವ ಕೋಣೆ ಅವಶ್ಯಕ. ಸಿಹಿಮೂತ್ರ ರೋಗದಿಂದಲೋ ಕುಷ್ಠರೋಗದಿಂದಲೋ ಪಾದಗಳಲ್ಲಿ ಸ್ಪರ್ಶಜ್ಞಾನ ಕಡಿಮೆಯಾದವರಿಗೆ ಯಾವ ಬಗೆಯ ಬಿಸಿ ಶಾಖವನ್ನೂ ಪಾದಕ್ಕೆ ಕೊಡಬಾರದು. ಅವರು ‘ಸಾಕು’ ಎನ್ನುವ ಹೊತ್ತಿಗೆ ಚರ್ಮ ಬೆಂದಿರುತ್ತದೆ. ಉರಿದ ಬತ್ತಿಯನ್ನು ಮರಳಿನಲ್ಲಿ ಹೂತು ಪೂರ್ತಿ ಆರಿಸದಿದ್ದರೆ ಒಳಗಿನ ಕೆಂಡ ಗಂಟೆಗಟ್ಟಲೆ ಉಳಿದು ಹಾಸಿಗೆಗೆ ತಗುಲಬಹುದು. ಬಾಣಂತಿಯ ಕೋಣೆಯ ಅಗ್ಗಿಷ್ಟಿಕೆಗೂ ಇದೇ ಎಚ್ಚರ ಬೇಕು. ಕಿಟಕಿ ಬಾಗಿಲು ಮುಚ್ಚಿ ಇದ್ದಿಲು ಉರಿಸಿದರೆ ವಾಸನೆಯಿಲ್ಲದ ವಿಷಾನಿಲ ತುಂಬಿ ತಾಯಿಮಕ್ಕಳು ನಿದ್ರೆಯಲ್ಲಿಯೇ ಪ್ರಾಣ ಕಳೆದುಕೊಳ್ಳಬಹುದು.

ಹಿಂದೆ ಚೀನಾ ಜಪಾನುಗಳಲ್ಲಿ ಮಾಕ್ಸಾವನ್ನು ನೇರವಾಗಿ ಚರ್ಮದ ಮೇಲಿಟ್ಟು ಸುಟ್ಟು, ಕಲೆ ಉಳಿಯುವಂತೆ ಮಾಡುವ ರೂಢಿಯೂ ಬಹಳವಾಗಿತ್ತು. ಜಪಾನೀ ಭಾಷೆಯಲ್ಲಿ ‘ಮಾಕ್ಸಾ ಇಡು’ ಎಂದರೆ ಗದರಿಸು, ದಂಡಿಸು ಎಂಬ ಅರ್ಥ ಇಂದಿಗೂ ಇದೆ. ನಮ್ಮಲ್ಲಿಯೂ ‘ಬರೆ ಎಳೆಯುತ್ತೇನೆ’ ಎಂದು ಮಕ್ಕಳನ್ನು ಹೆದರಿಸುವುದಿಲ್ಲವೇ? ಅಲ್ಲಿ ಬಹುಮಟ್ಟಿಗೆ ಸುಡುವುದು ಹಿಂದೆ ಸರಿದು ದೂರದ ಶಾಖ ಮುಂದೆ ಬಂದಿದೆ. ನಮ್ಮ ಕೆಲವು ಊರುಗಳಲ್ಲಿ ಮಾತ್ರ ಕಾಮಾಲೆಯೆಂದು, ಹೊಟ್ಟೆಯುಬ್ಬರವೆಂದು, ಸೆಳವೆಂದು ಹಸುಗೂಸಿನ ಹೊಟ್ಟೆಯ ಮೇಲೆ ಕಾದ ಕಬ್ಬಿಣದಿಂದಲೋ ಊದುಬತ್ತಿಯಿಂದಲೋ ಬರೆ ಹಾಕುವುದು ಇನ್ನೂ ನಿಂತಿಲ್ಲ. ‘ಚೀನಾದವರೂ ಮಾಡುತ್ತಾರೆ’ ಎಂದು ಯಾರಾದರೂ ಇದಕ್ಕೆ ಮಾಕ್ಸಾವನ್ನು ಆಧಾರವಾಗಿ ಹೇಳಿದರೆ ಒಪ್ಪಬೇಡಿ. ಕೂಸಿಗೆ ‘ಸಾಕು’ ಎನ್ನಲು ಬಾರದು. ಸುಟ್ಟ ಗಾಯದ ಮೂಲಕ ಒಳಹೊಕ್ಕ ನಂಜು ರಕ್ತಕ್ಕೆ ಏರಿ ಮಗುವನ್ನು ಕೊಲ್ಲಬಲ್ಲದು. ಮೂಲ ಕಾಯಿಲೆಗೆ ಚಿಕಿತ್ಸೆ ತಡವಾಗುವುದು ಬೇರೆ. ನವಜಾತ ಶಿಶುವಿನ ಮೈ ಮೊದಲ ದಿನವೇ ಹಳದಿಯಾದರೆ, ಅಥವಾ ಹಳದಿ ಅಂಗೈ ಅಂಗಾಲುಗಳಿಗೆ ಇಳಿದರೆ, ಅದಕ್ಕೆ ಆಸ್ಪತ್ರೆಯಲ್ಲಿ ನೀಲಿ ಬೆಳಕಿನ ಚಿಕಿತ್ಸೆಯಿದೆ. ಮನೆಯ ಹಿರಿಯರು ಬರೆಗೆ ಒತ್ತಾಯಿಸಿದಾಗ ಬಾಣಂತಿ ಒಬ್ಬಳೇ ಎದುರಾಡಲಾರಳು. ‘ಅಮ್ಮಾ, ಬೇಡ, ಆಸ್ಪತ್ರೆಗೆ ಹೋಗೋಣ’ ಎಂಬ ಮಾತು ಮಗುವಿನ ತಂದೆಯ ಬಾಯಿಂದ ಬರಬೇಕು.

ಆಕಸ್ಮಿಕವಾಗಿ ಸುಟ್ಟರೆ ಆ ಭಾಗದ ಮೇಲೆ ಇಪ್ಪತ್ತು ನಿಮಿಷ ತಣ್ಣೀರು ಹರಿಯಬಿಡಿ. ಟೂತ್‌ಪೇಸ್ಟ್, ಮಸಿ, ತುಪ್ಪ ಯಾವುದನ್ನೂ ಸವರಬೇಡಿ.

ಎಂಟನೆಯ ತಿಂಗಳ ತಪಾಸಣೆಗೆ ಹೋದಾಗ ‘ಮಗುವಿನ ತಲೆ ಎಲ್ಲಿದೆ?’ ಎಂದು ಆರೋಗ್ಯ ಸಹಾಯಕಿಯನ್ನೋ ವೈದ್ಯರನ್ನೋ ಕೇಳಿ, ತಾಯಿ ಕಾರ್ಡಿನಲ್ಲಿ ಬರೆಯಿಸಿಕೊಳ್ಳಿ. ತಲೆ ಮೇಲಿದೆ ಎಂದಾದರೆ ಒಂಬತ್ತನೆಯ ತಿಂಗಳ ಆರಂಭದಲ್ಲಿ ಮತ್ತೊಮ್ಮೆ ತೋರಿಸಿ, ಶಸ್ತ್ರಕ್ರಿಯೆಯ ಸೌಕರ್ಯವಿರುವ ಆಸ್ಪತ್ರೆ ಯಾವುದೆಂದು ಮೊದಲೇ ಗೊತ್ತುಮಾಡಿಕೊಳ್ಳಿ. ಅಂಥ ಗರ್ಭಿಣಿಗೆ ನೋವಿಗೆ ಮುಂಚೆಯೇ ನೀರು ಹೋದರೂ ಕಾಯಬೇಡಿ. ಆಕೆಯನ್ನು ಎಡಮಗ್ಗುಲಾಗಿ ಮಲಗಿಸಿ, ಸೊಂಟದ ಕೆಳಗೆ ದಿಂಬಿಟ್ಟು, ತಕ್ಷಣ 108ಕ್ಕೆ ಕರೆ ಮಾಡಿ.