ಕೇಳದೆ ಬಿಟ್ಟ ಪ್ರಶ್ನೆ



ಸನ್ನಿವೇಲ್, ಫ್ರೀಮಾಂಟ್, ಸ್ಯಾನ್ ರಮೋನ್‌ಗಳಿಂದ ಬಂದಿರುವ ಕನ್ನಡಿಗರು, ವೈದ್ಯ ಮಿತ್ರರು ಸೇರಿರುವ ಇಲ್ಲಿ, ಗಂಡಸರ ನಿಮಿರುವಿಕೆಯ ತೊಂದರೆಯ ಬಗ್ಗೆ ಇಂದು ಮಾತನಾಡುತ್ತೇನೆ. ಹೆಂಗಸರು, ವಯಸ್ಸಾದವರು ಕೂತಿರುವ ಸಭೆಯಲ್ಲಿ ಇದು ಬೇಕೆ ಎಂದು ಸಂಘಟಕರಲ್ಲಿ ಕೆಲವರು ಕೇಳಿದರು. ಅವರೆಲ್ಲ ಇದ್ದಾರೆಂದೇ ಬೇಕು; ಈ ತೊಂದರೆ ಅನುಭವಿಸುವುದು ಗಂಡನೊಬ್ಬನೇ ಅಲ್ಲ. ವೈದ್ಯೆ ಅನುಪಮಾ ನಿರಂಜನ ‘ದಾಂಪತ್ಯ ದೀಪಿಕೆ’ ಎಂಬ ಲೈಂಗಿಕ ತಿಳಿವಳಿಕೆಯ ಪುಸ್ತಕ ಬರೆದು ದಶಕಗಳೇ ಕಳೆದವು. ನಮ್ಮ ಸಂಕೋಚ ಮಾತ್ರ ಹೋಗಿಲ್ಲ.

ನಮ್ಮ ಕ್ಲಿನಿಕ್ಕುಗಳಲ್ಲಿ ಆಗುವುದು ನಿಮಗೆ ಗೊತ್ತು. ನಲವತ್ತೈದರ ಎಂಜಿನಿಯರ್ ಸಕ್ಕರೆ, ಬಿಪಿ, ಬೆನ್ನುನೋವು ಎಲ್ಲ ಹೇಳಿ ಮುಗಿಸುತ್ತಾನೆ. ಎದ್ದು ಬಾಗಿಲ ಹಿಡಿಗೆ ಕೈ ಇಟ್ಟ ಮೇಲೆ, ‘ಡಾಕ್ಟ್ರೇ, ಇನ್ನೊಂದು ವಿಷಯ’ ಎನ್ನುತ್ತಾನೆ. ಆ ಹೊತ್ತಿಗೆ ನಮ್ಮ ಹದಿನೈದು ನಿಮಿಷ ತೀರಿರುತ್ತದೆ. ಆದರೆ ಅವನು ಹೇಳಿದ್ದರಲ್ಲೆಲ್ಲ ಮುಖ್ಯವಾದದ್ದು ಆ ಕೊನೆಯ ಮಾತೇ ಇರಬಹುದು.

ಶಿಶ್ನದ ಅಪಧಮನಿಯ ಅಗಲ ಒಂದೆರಡು ಮಿಲಿಮೀಟರ್. ಹೃದಯದ ಅಪಧಮನಿಗಳದು ಮೂರ್ನಾಲ್ಕು. ಸಕ್ಕರೆ, ಸಿಗರೇಟು, ಕೊಲೆಸ್ಟರಾಲ್‌ಗಳಿಂದ ನಾಳದ ಒಳಪದರ ಕೆಟ್ಟರೆ ಮೊದಲು ಸೋಲುವುದು ಸಣ್ಣ ನಾಳ. ಹಾಗಾಗಿ ಎಷ್ಟೋ ಜನರಲ್ಲಿ ಎದೆನೋವಿಗೆ ಎರಡು ಮೂರು ವರ್ಷ ಮೊದಲೇ ಹಾಸಿಗೆಯಲ್ಲಿ ಸೂಚನೆ ಸಿಕ್ಕಿರುತ್ತದೆ. ದಕ್ಷಿಣ ಏಷ್ಯಾದವರಿಗೆ ಹೃದ್ರೋಗ ಬೇಗ ಬರುತ್ತದೆಂದೇ ಮೌಂಟನ್ ವ್ಯೂನ ಎಲ್ ಕಮೀನೊ ಆಸ್ಪತ್ರೆಯಲ್ಲಿ 2006ರಲ್ಲಿ ನಮಗಾಗಿ ಹೃದಯ ಕೇಂದ್ರ ಶುರುವಾಯಿತು. ಇಂಥ ಸೂಚನೆ ಹೇಳಿಕೊಂಡವನ ಸಕ್ಕರೆ ಅಳೆಯುವ ಎಚ್‌ಬಿಎ1ಸಿ, ಬಿಪಿ, ಕೊಲೆಸ್ಟರಾಲ್ ನೋಡದೆ ಬರೀ ಮಾತ್ರೆ ಬರೆದು ಕಳಿಸುವುದು ನನ್ನ ದೃಷ್ಟಿಯಲ್ಲಿ ಕರ್ತವ್ಯಲೋಪ.

ಈ ವಿಜ್ಞಾನದ ಒಂದು ಪಾಲು ನಮ್ಮ ನೆರೆಹೊರೆಯಲ್ಲೇ ಬೆಳೆದದ್ದು. ಸ್ಯಾನ್ ಫ್ರಾನ್ಸಿಸ್ಕೊದ ಯುಸಿಎಸ್‌ಎಫ್‌ನಲ್ಲಿ ಮೂತ್ರರೋಗ ತಜ್ಞರಾದ ಟಾಮ್ ಲೂ, ಎಮಿಲ್ ತನಾಘೊ 1980ರ ದಶಕದಲ್ಲಿ ಅಲ್ಟ್ರಾಸೌಂಡ್ ಹಿಡಿದು ಶಿಶ್ನದ ರಕ್ತಸಂಚಾರ ಅಳೆದರು. ನೈಟ್ರಿಕ್ ಆಕ್ಸೈಡ್ ರಕ್ತನಾಳವನ್ನು ಸಡಿಲಿಸುತ್ತದೆಂಬ ಅರಿವಿಗೆ 1998ರ ನೊಬೆಲ್ ಹಂಚಿಕೊಂಡ ಫೆರಿದ್ ಮುರಾದ್ ಅದೇ ದಶಕದಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿದ್ದರು. ಆ ರಾಸಾಯನಿಕದ ಕೆಲಸವನ್ನು ಮುಂದುವರಿಸುವ ಮಾತ್ರೆ ಸಿಲ್ಡೆನಾಫಿಲ್‌ಗೆ ಒಪ್ಪಿಗೆ ಸಿಕ್ಕಿದ್ದೂ 1998ರ ಮಾರ್ಚ್‌ನಲ್ಲಿ.

ಮನಸ್ಸಿನದು ಬೇರೆ ಕಥೆ. ‘ಬೆಳಗಿನ ಜಾವ ತಾನಾಗಿ ಆಗುತ್ತದೆಯೆ?’ ಎಂದು ಕೇಳಿ. ಹೌದು ಎಂದರೆ ನಾಳ, ನರಗಳು ಬಹುಮಟ್ಟಿಗೆ ಸರಿಯಿವೆ. ಲೇಆಫ್ ಭಯ, ವೀಸಾ, ರಾತ್ರಿ ಹನ್ನೊಂದಕ್ಕೆ ಬೆಂಗಳೂರಿನ ಜೊತೆ ಮೀಟಿಂಗ್, ಮಗುವಿಗಾಗಿ ಕ್ಯಾಲೆಂಡರ್ ನೋಡಿ ಕೂಡಬೇಕಾದ ಒತ್ತಡ, ಇವುಗಳಲ್ಲಿ ಒಮ್ಮೆ ಆಗದೆ ಹೋದರೆ ಮುಂದಿನ ಸಲ ಭಯವೇ ಕಾರಣವಾಗುತ್ತದೆ. ಅದರ ಜೊತೆಗೆ ಧಾತು, ಅಂದರೆ ವೀರ್ಯ, ನಷ್ಟದಿಂದ ಶಕ್ತಿ ಹೋಯಿತೆಂಬ, ಊರಿನ ಬಸ್ ಸ್ಟ್ಯಾಂಡ್ ಗೋಡೆಯ ಜಾಹೀರಾತುಗಳು ಕಲಿಸಿದ ಸುಳ್ಳು. ಮನೋವೈದ್ಯ ಎನ್. ಎನ್. ವಿಗ್ 1960ರಲ್ಲೇ ಇದನ್ನು ‘ಧಾತ್ ಸಿಂಡ್ರೋಮ್’ ಎಂದು ಗುರುತಿಸಿದ್ದರು. ಇಂಥ ದಂಪತಿಗೆ ಲೈಂಗಿಕತೆಯ ಸಂಶೋಧಕರಾದ ಮಾಸ್ಟರ್ಸ್ ಮತ್ತು ಜಾನ್ಸನ್ 1970ರಲ್ಲಿ ಬರೆದ ಉಪಾಯ ಈಗಲೂ ಉಪಯೋಗಕ್ಕೆ ಬರುತ್ತದೆ: ಕೆಲವು ವಾರ ಸಂಭೋಗವೇ ಬೇಡ, ಸ್ಪರ್ಶ ಮಾತ್ರ. ಪರೀಕ್ಷೆಯೇ ಇಲ್ಲವೆಂದ ಮೇಲೆ ಭಯಕ್ಕೂ ಕೆಲಸವಿಲ್ಲ. ಆದರೆ ದೇಹ, ಮನಸ್ಸು ಎರಡೂ ಬೆರೆತಿರುವುದೇ ಹೆಚ್ಚು. ಖಿನ್ನತೆಯ ಕೆಲವು ಮಾತ್ರೆಗಳಿಂದಲೂ ಹೀಗಾಗುತ್ತದೆ.

ಮಾತ್ರೆಗೆ ಬಗ್ಗದಿದ್ದರೆ ಪಂಪು, ಇಂಜೆಕ್ಷನ್, ಕೊನೆಗೆ ಇಂಪ್ಲಾಂಟ್ ಇವೆ. ಒಂದು ಎಚ್ಚರಿಕೆ ಮಾತ್ರ ಗಟ್ಟಿಯಾಗಿ ಹೇಳಬೇಕು. ಊರಿಂದ ಬಂದ ಅಪ್ಪ, ಮಾವಂದಿರ ಜೇಬಿನಲ್ಲಿ ಎದೆನೋವಿನ ನೈಟ್ರೇಟ್ ಮಾತ್ರೆ ಸಾರ್ಬಿಟ್ರೇಟ್ ಇರುತ್ತದೆ. ನೈಟ್ರೇಟ್ ಜೊತೆ ಸಿಲ್ಡೆನಾಫಿಲ್ ಸೇರಿದರೆ ಬಿಪಿ ಕುಸಿದು ಪ್ರಾಣಕ್ಕೇ ಅಪಾಯ. ‘ಗಿಡಮೂಲಿಕೆ’ ಎಂದು ಮಾರುವ ಎಷ್ಟೋ ಶಕ್ತಿವರ್ಧಕಗಳಲ್ಲಿ ಇದೇ ಮದ್ದನ್ನು ಗುಟ್ಟಾಗಿ ಬೆರೆಸಿರುವುದನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮತ್ತೆ ಮತ್ತೆ ಪತ್ತೆಹಚ್ಚಿದೆ. ಆದ್ದರಿಂದ ಸೂಟ್‌ಕೇಸಿನಲ್ಲಿ ಬಂದ ಡಬ್ಬಿಯನ್ನೂ ತಂದು ತೋರಿಸಲು ಹೇಳಿ.

ನಮ್ಮ ಮುಂದಿನ ಆರೋಗ್ಯ ಶಿಬಿರದ ಫಾರಂನಲ್ಲಿ, ಎದೆನೋವಿನ ಪ್ರಶ್ನೆಯ ಕೆಳಗೇ ನಿಮಿರುವಿಕೆಯ ಪ್ರಶ್ನೆಯೂ ಕನ್ನಡದಲ್ಲಿ ಇರಬೇಕೆಂದು ನಿರ್ಣಯ ಮಂಡಿಸುತ್ತಿದ್ದೇನೆ. ಅನುಮೋದಿಸುವವರು ದಯವಿಟ್ಟು ಕೈ ಎತ್ತಿ.